ಹಾಕಿದ ಹೆಪ್ಪು ಹೊರಗೆ ಬರುವುದಿಲ್ಲ

ಹಸಿರು ಎಲೆಯ ಚಿತ್ರ ಕಂಡರೆ ನನಗೆ ಮೈ ಉರಿಯುತ್ತದೆ. ಗಿಡದ ಮೇಲಿರುವ ಎಲೆಯಲ್ಲ, ಪ್ಲಾಸ್ಟಿಕ್ ಚೀಲದ ಮೇಲೆ ಅಚ್ಚು ಹಾಕಿದ ಎಲೆ. ಕುಂದಾಪುರದ ಪೇಟೆಯಲ್ಲಿ ಒಂದು ರವಿಕೆ ಕಣ ತೆಗೆದುಕೊಂಡರೂ ಈಗ ಅಂಥದೇ ಚೀಲದಲ್ಲಿ ಹಾಕಿ ಕೊಡುತ್ತಾರೆ. ಎಲೆಯ ಕೆಳಗೆ, ಇದು ಮಣ್ಣಿನಲ್ಲಿ ಮಣ್ಣಾಗುತ್ತದೆ ಎಂದು ಬರೆದಿರುತ್ತದೆ. ಎಷ್ಟು ಕಾಲಕ್ಕೆ, ಎಂಥ ಮಣ್ಣಿನಲ್ಲಿ, ಮಣ್ಣಾದ ಮೇಲೆ ಒಳಗಿನಿಂದ ಏನೇನು ಹೊರಗೆ ಬರುತ್ತದೆ ಎಂದು ಒಮ್ಮೆ ಕೇಳಿದೆ. ಅಂಗಡಿಯವರು ನನ್ನ ಮುಖವನ್ನೇ ನೋಡಿ, "ಚೀಲ ಬ್ಯಾಡ ಅಂದ್ರೆ ಕೈಯಗೇ ತಕಂಡ್ ಹೋಯ್ನಿ ಅಕ್ಕ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬಟ್ಟೆ ಮಾರುವವರು. ಸಿಟ್ಟು ಇರುವುದು ಇಂಥದ್ದನ್ನು ಮಾಡುವವರ ಮೇಲೆ, ಮತ್ತು ನಾನೂ ಇದನ್ನೇ ಮಾಡಿ ಹೊಟ್ಟೆ ಹೊರೆಯುವವಳು.

ನಾನು ರಸಾಯನಶಾಸ್ತ್ರ ಓದಿದವಳು. ಬ್ರಹ್ಮಾವರದ ಒಂದು ಸಣ್ಣ ಲ್ಯಾಬಿನಲ್ಲಿ ಕರಗುವ ಪ್ಲಾಸ್ಟಿಕ್ ತಯಾರಿಸುವುದು ನನ್ನ ಕೆಲಸ. ಹಾಲು ಹುಳಿಯಾದಾಗ ಹುಟ್ಟುವ ಆಮ್ಲವೇ ಇದರ ಮೂಲ. ಅದರ ಸಣ್ಣ ತುಣುಕುಗಳನ್ನು ಒಂದಕ್ಕೊಂದು ಕೊಂಡಿ ಹಾಕಿಸುತ್ತ ಹೋದರೆ ಪ್ಲಾಸ್ಟಿಕ್ ಆಗುತ್ತದೆ. ಆದರೆ ಕೊಂಡಿ ತಾನಾಗಿ ಬೀಳುವುದಿಲ್ಲ. ಯಾವುದಾದರೂ ಲೋಹದ ಒಂದು ಚಿಟಿಕೆ ಸೇರಿಸಬೇಕು. ಪುಸ್ತಕದಲ್ಲಿ ಅದಕ್ಕೆ ವೇಗವರ್ಧಕ ಎನ್ನುತ್ತಾರೆ, ಲ್ಯಾಬಿನಲ್ಲಿ ಕ್ಯಾಟಲಿಸ್ಟ್ ಎನ್ನುತ್ತೇವೆ. ಬೈಂದೂರಿನ ನಮ್ಮ ಮನೆಯಲ್ಲಿ ಅಣ್ಣನ ಹೆಂಡತಿ ಕೇಳಿದಾಗ ನಾನು ಹೆಪ್ಪು ಎಂದೆ.

"ಹಾಂಗಾರೆ ನಿನ್ ಪ್ಲಾಸ್ಟಿಕ್ ಅನ್ನಕ್ ಕಲ್ಸ್ಕಂಡ್ ಉಣ್ಲಕ್ಕಲ್ದಾ?" ಎಂದು ಅತ್ತಿಗೆ ನಕ್ಕಳು.

ನಗಲಿ. ಹೋಲಿಕೆ ಮಾತ್ರ ಸರಿಯಾಗಿಯೇ ಇದೆ. ಮೊಸರಾದ ಮೇಲೆ ಹೆಪ್ಪನ್ನು ಹೊರಗೆ ತೆಗೆಯಲು ಯಾರಿಗೂ ಆಗುವುದಿಲ್ಲ. ಪ್ಲಾಸ್ಟಿಕ್ಕಿನಲ್ಲೂ ಹಾಗೆಯೇ, ಹಾಕಿದ ಲೋಹ ಒಳಗೇ ಉಳಿಯುತ್ತದೆ. ಇಂಥ ಪ್ಲಾಸ್ಟಿಕ್ ಮಾಡುವ ದೊಡ್ಡ ಕಾರ್ಖಾನೆಗಳು ಹೆಚ್ಚಾಗಿ ಬಳಸುವುದು ತವರ. ಬೇಗ ಕೊಂಡಿ ಹಾಕುತ್ತದೆ, ತಕರಾರು ಮಾಡುವುದಿಲ್ಲ, ಬಿಳಿಯಾದ ಚೆಂದದ ಪ್ಲಾಸ್ಟಿಕ್ ಕೊಡುತ್ತದೆ. ಪ್ಲಾಸ್ಟಿಕ್ ಕರಗಿದ ಮೇಲೆ ತವರ ಕರಗಿ ಮಾಯವಾಗುವುದಿಲ್ಲ, ಬಿದ್ದಲ್ಲೇ ಇರುತ್ತದೆ. ಅದರ ಬದಲು ಸತುವನ್ನು ಹೆಪ್ಪು ಮಾಡಿಕೊಳ್ಳಬಹುದು. ಸತು ನಮ್ಮ ಮೈಗೂ ಅಷ್ಟಿಷ್ಟು ಬೇಕು, ಚಿಪ್ಪಿನ ಜೀವಕ್ಕೂ ಬೇಕು. ಅತಿಯಾದರೆ ಅದೂ ಒಳ್ಳೆಯದಲ್ಲ, ಆದರೆ ಹದದಲ್ಲಿದ್ದರೆ ಹೆದರಬೇಕಾಗಿಲ್ಲ. ಆ ಹದ ಹುಡುಕುವುದರಲ್ಲೇ ನನ್ನ ಹರೆಯದ ಒಳ್ಳೆಯ ಪಾಲು ಕಳೆದಿದೆ.

ಅತ್ತಿಗೆಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಕಾರಣ ಪಚ್ಚಿಲೆ. ಕಲ್ಲಿಗೆ ಕಚ್ಚಿಕೊಂಡು ಬೆಳೆಯುವ ಹಸಿರು ಚಿಪ್ಪಿನ ಜೀವ ಅದು. ಅಣ್ಣ ಬೋಟಿಗೆ ಹೋಗುತ್ತಾನೆ. ಅತ್ತಿಗೆ ಕೇರಿಯ ಹೆಂಗಸರ ಜೊತೆ ಸೇರಿ ಅಳಿವೆಯ ಹತ್ತಿರ, ಹೊಳೆಯಲ್ಲಿ ಬಿದಿರಿನ ಚಪ್ಪರ ಹಾಕಿ, ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೆಸುತ್ತಾಳೆ. ಮಳೆ ನಿಂತು ನೀರಿಗೆ ಉಪ್ಪು ಮರಳಿ ಬಂದ ಮೇಲೆ ಮರಿಗಳನ್ನು ಹಗ್ಗದ ಸುತ್ತ ಹರಡಿ, ಮೇಲಿನಿಂದ ತೆಳ್ಳನೆಯ ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಮರಿಗಳು ಹಗ್ಗಕ್ಕೆ ಬೇರು ಬಿಟ್ಟಂತೆ ಅಂಟಿಕೊಳ್ಳುವಷ್ಟರಲ್ಲಿ ಬಟ್ಟೆ ನೀರಿನಲ್ಲಿ ಕೊಳೆತು ಉದುರಬೇಕು. ಬೇಗ ಕೊಳೆತರೆ ಮರಿಗಳು ಹೊಳೆಯ ಪಾಲು. ಕೊಳೆಯದಿದ್ದರೆ ಒಳಗೇ ಉಸಿರು ಕಟ್ಟಿ ಸಾಯುತ್ತವೆ.

ಕೆಲವು ವರ್ಷಗಳಿಂದ ಪೇಟೆಯಲ್ಲಿ ಹತ್ತಿ ಎಂದು ಕೊಡುವ ಬಟ್ಟೆಯಲ್ಲಿ ಪಾಲಿಯೆಸ್ಟರ್ ಸೇರಿರುತ್ತದೆ. ಅದು ಕೊಳೆಯುವುದೂ ಇಲ್ಲ, ಬಿಡುವುದೂ ಇಲ್ಲ. ಒಂದು ವರ್ಷ ಅರ್ಧಕ್ಕರ್ಧ ಹಗ್ಗಗಳು ಒಳಗೇ ನಾರಿದವು. ಅತ್ತಿಗೆ ಒಂದು ಹಗ್ಗವನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನೀ ಕರ್ಗು ಪ್ಲಾಸ್ಟಿಕ್ ಮಾಡ್ತೆ ಅಂಬ್ಯಲೆ, ಇದಕ್ಕೊಂದ್ ಚೀಲ ಮಾಡ್ಕೊಡ್ ಕಾಂಬ" ಎಂದಳು.

ನಾನು ಮಾಡಿದೆ. ಬರೀ ಹಾಲಿನ ಆಮ್ಲದ ಪ್ಲಾಸ್ಟಿಕ್ ಉಪ್ಪುನೀರಿನಲ್ಲಿ ಅಷ್ಟು ಬೇಗ ಕರಗುವುದಿಲ್ಲ. ಎಲೆ ಅಚ್ಚು ಹಾಕುವವರು ಇದನ್ನು ಹೇಳುವುದಿಲ್ಲ, ನಾನು ಹೇಳುತ್ತೇನೆ. ಹಾಗಾಗಿ ಕೊಂಡಿ ಬೇಗ ಬಿಚ್ಚಿಕೊಳ್ಳುವ ಇನ್ನೊಂದು ಆಮ್ಲವನ್ನು ಬೆರೆಸಿ, ಸತುವಿನ ಹೆಪ್ಪು ಹಾಕಿ, ಒಣ ಬೇಸಿಗೆಯಲ್ಲಿ ಒಂದಿಷ್ಟು ತಯಾರಿಸಿದೆ. ಬಲೆ ಹೆಣೆಯುವ ಪರಿಚಯದವರೊಬ್ಬರು ತಮ್ಮ ಯಂತ್ರದಲ್ಲಿ ಅದರ ದಾರದಿಂದ ಕೊಳವೆಯಂಥ ಜಾಲರಿ ಚೀಲ ಹೆಣೆದುಕೊಟ್ಟರು. ಸಿಕ್ಕಿದ್ದು ಎರಡೇ ಹಗ್ಗಕ್ಕೆ ಆಗುವಷ್ಟು. ತುಸು ಹಳದಿ ಬಣ್ಣ, ನೋಡಲು ಏನೂ ಚೆಂದವಿಲ್ಲ. ಹೊಳೆನೀರು ತುಂಬಿದ ತೊಟ್ಟಿಯಲ್ಲಿ ಒಂದು ತುಂಡು ಇಳಿಬಿಟ್ಟು ನೋಡಿದೆ. ಬೇಕಾದ ಹೊತ್ತಿಗೆ ಬೇಕಾದಂತೆ ಬಿಚ್ಚಿಕೊಂಡಿತು. ಅವತ್ತು ನಾನು ಲ್ಯಾಬಿನಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದ್ದೆ.

ಚೀಲಗಳನ್ನು ತೆಗೆದುಕೊಂಡು ಹೋಗಿ ಕೊಟ್ಟಾಗ ಅತ್ತಿಗೆ ನಮ್ಮ ಮನೆಯ ಹಳೆಯ ರೂಢಿ ನೆನಪಿಸಿದಳು. ಹೊಸ ಬಲೆಯ ಮೊದಲ ಮೀನನ್ನು ನಾವು ಮಾರುವುದಿಲ್ಲ, ಮನೆಯಲ್ಲೇ ಬೇಯಿಸುತ್ತೇವೆ. ಬಲೆ ಕಟ್ಟಿದವರನ್ನು ಕರೆದು ಮೊದಲ ತುತ್ತು ಅವರಿಗೇ ಉಣ್ಣಿಸುತ್ತೇವೆ. ಅಪ್ಪ ಊರಿನವರಿಗೆಲ್ಲ ಬಲೆ ಕಟ್ಟುತ್ತಿದ್ದ. ಅವನು ಉಂಡ ಮೇಲೆಯೇ ಉಳಿದವರ ಎಲೆಗೆ ಬಡಿಸುತ್ತಿದ್ದರು.

"ಬಲಿ ಕಟ್ದರ್ ಮೊದ್ಲ್ ಉಣ್ಕ್. ನೀನೇ ಬಪ್ಪುಕಿತ್ತ್, ತಪ್ಸ್ಕಂಬುಕಿಲ್ಲೆ" ಎಂದಳು.

"ಬತ್ತೆ" ಎಂದೆ. "ಇದ್ರಗೆ ಪಚ್ಚಿಲೆಗೆ ಕೇಡ್ ಆಪುದ್ ಎಂತದೂ ಇಲ್ಲೆ, ನಂಬು" ಎಂದೂ ಸೇರಿಸಿದೆ. ಆ ಮಾತು ಕೊಟ್ಟವಳು ನಾನು, ಲ್ಯಾಬ್ ಅಲ್ಲ. ಮುಂದಿನದ್ದೆಲ್ಲ ಆ ಮಾತನ್ನು ಉಳಿಸಿಕೊಳ್ಳುವ ಹೋರಾಟ.

ತೊಟ್ಟಿಯ ಸುದ್ದಿ ಲ್ಯಾಬಿನ ಹಿರಿಯರ ಕಿವಿಗೆ ಬಿತ್ತು. ಅವರು ದೊಡ್ಡ ಮನುಷ್ಯರು, ಒಳ್ಳೆಯ ಮಾತುಗಾರರು, ನಾನು ಸರ್ ಎನ್ನುವುದು ಅವರಿಗೇ. ನನ್ನ ಎರಡು ಚೀಲ ಅವರ ಕೈಯಲ್ಲಿ ಒಂದು ಯೋಜನೆಯಾಯಿತು. ಅದಕ್ಕೆ ಉದ್ದನೆಯ ಹೆಸರು ಬಂತು, ಹೆಸರಿನಲ್ಲಿ ವಿಷವಿಲ್ಲದ ಲೋಹ ಎಂಬ ಮಾತೂ ಬಂತು. ಅತ್ತಿಗೆಯ ಚಪ್ಪರದ ಎಲ್ಲ ಹಗ್ಗಗಳಿಗೂ ಲ್ಯಾಬೇ ಚೀಲ ಕೊಡುತ್ತದೆ ಎಂದು ಸರ್ ಸಭೆಯಲ್ಲಿ ಘೋಷಿಸಿದರು. ಘೋಷಣೆ ಆಗಿದ್ದು ಮಳೆಗಾಲದಲ್ಲಿ.

ನಮ್ಮ ಕರಾವಳಿಯ ಮಳೆಗಾಲ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಉಪ್ಪಿನ ಭರಣಿಯಲ್ಲಿ ಉಪ್ಪು ನೀರಾಗುತ್ತದೆ, ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ನಾನು ಮಾಡಿಕೊಂಡ ಸತುವಿನ ಹೆಪ್ಪಿಗೆ ನೀರಿನ ಪಸೆ ಎಂದರೆ ಆಗದು. ಎಷ್ಟು ಒಣಗಿಸಿದರೂ, ಎಷ್ಟು ಮುಚ್ಚಿಟ್ಟರೂ ಎಲ್ಲಿಂದಲೋ ತೇವ ಸೇರಿಕೊಂಡು ಪ್ಲಾಸ್ಟಿಕ್ ಪಾಕ ಬಾರದ ಬೆಲ್ಲದಂತೆ ಅಂಟಂಟಾಗಿ ನಿಲ್ಲುತ್ತಿತ್ತು. ನವರಾತ್ರಿ ಕಳೆಯಲಿ, ಗಾಳಿ ಒಣಗಲಿ, ಆಮೇಲೆ ಮಾಡೋಣ ಎಂದೆ. ಈ ವರ್ಷ ಕೆಲವೇ ಹಗ್ಗಗಳಿಗೆ ಕೊಡೋಣ ಎಂದೆ. ಸರ್ ತಲೆಯಾಡಿಸಿದರು. ಒಪ್ಪಿದರು ಎಂದುಕೊಂಡೆ. ಅವರು ತಲೆಯಾಡಿಸಿದ್ದು ಕೇಳಿಸಿತು ಎನ್ನುವುದಕ್ಕೆ ಇರಬೇಕು.

ಮಳೆ ನಿಂತ ಮೇಲೆ ಕಾಲೇಜಿನ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ನಾನು ಕೆಲವು ದಿನ ಹೊರಗೆ ಹೋಗಬೇಕಾಯಿತು. ಹಿಂದಿರುಗಿ ಬಂದಾಗ ಲ್ಯಾಬಿನ ಮೇಜಿನ ಮೇಲೆ ಬೆಳ್ಳಗಿನ ಜಾಲರಿ ಚೀಲಗಳು ಉಳಿದಿದ್ದವು. ಪಕ್ಕದಲ್ಲಿ ರಟ್ಟಿನ ಡಬ್ಬಿ, ಡಬ್ಬಿಯ ಮೇಲೆ ಹಸಿರು ಎಲೆ. ಉಳಿದ ಚೀಲಗಳೆಲ್ಲ ಹಿಂದಿನ ದಿನವೇ ಬೈಂದೂರಿಗೆ ಹೋಗಿಯಾಗಿತ್ತು. ನನ್ನ ಸತು ಇಷ್ಟು ಬೆಳ್ಳಗೆ ಯಾವತ್ತೂ ಮಾಡಿದ್ದಿಲ್ಲ. ಒಂದು ಚೀಲ ಎತ್ತಿಕೊಂಡು ಸರ್ ಕೋಣೆಗೆ ಹೋದೆ.

"ಸರ್, ಇದಕ್ಕೆ ಏನು ಹಾಕಿದ್ದೀರಿ?"

"ತವರ," ಎಂದರು. ಮುಚ್ಚಿಟ್ಟುಕೊಳ್ಳುವ ಯೋಚನೆಯೂ ಅವರಿಗಿರಲಿಲ್ಲ. "ನಿಮ್ಮ ಸತು ಮಳೆಗಾಲದಲ್ಲಿ ಕೈ ಕೊಡ್ತಲ್ಲ ಮೇಡಂ. ಮಾತು ಕೊಟ್ಟಾಗಿದೆ, ಮಾಡಿ ತೋರಿಸ್ಬೇಕಲ್ಲ. ತವರ ಇರೋದು ಒಂದು ಚಿಟಿಕೆ. ಊಟದ ಪ್ಯಾಕಿಂಗಿಗೂ ಅಷ್ಟು ಇರಬಹುದು ಅಂತ ರೂಲ್ಸೇ ಹೇಳ್ತದೆ."

ರೂಲ್ಸ್ ಹಾಗೆ ಹೇಳುವುದು ನಿಜ. ಹಿಂದೆ ಹಡಗಿನ ಬುಡಕ್ಕೆ ಬಳಿಯುತ್ತಿದ್ದ ಬಣ್ಣದ ತವರದಿಂದ ಚಿಪ್ಪಿನ ಜೀವಗಳ ಚಿಪ್ಪು ಸೊಟ್ಟಗಾಗಿ ಸಂತಾನವೇ ನಿಂತ ಗತಿ ನನಗೆ ಗೊತ್ತು. ಈ ತವರ ಆ ಜಾತಿಯದ್ದಲ್ಲ, ಅಷ್ಟು ಕ್ರೂರಿಯೂ ಅಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ಊಟದ ಪ್ಯಾಕೆಟನ್ನು ಯಾರೂ ನುಂಗುವುದಿಲ್ಲ. ಈ ಚೀಲ ಕರಗುವುದು ಪಚ್ಚಿಲೆಯ ಬಾಯಿಯ ಬುಡದಲ್ಲೇ. ಪಚ್ಚಿಲೆಗೆ ಇಡೀ ದಿನ ಒಂದೇ ಕೆಲಸ, ನೀರು ಎಳೆದುಕೊಳ್ಳುವುದು, ಸೋಸುವುದು, ಸಿಕ್ಕಿದ್ದನ್ನು ಮೈಗೆ ಸೇರಿಸಿಕೊಳ್ಳುವುದು. ಅದನ್ನು ಚಿಪ್ಪಿನೊಳಗಿನಿಂದ ತೆಗೆದು ಇಡಿಯಾಗಿ ತಿನ್ನುವವರು ನಾವು. ಎಷ್ಟು ತವರ ಅದರ ಮೈಗೆ ಸೇರುತ್ತದೆ ಎಂದು ಯಾರೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ. ನೋಡದೆ ಕಳಿಸಿದ್ದರು, ಅದೂ ವಿಷವಿಲ್ಲದ ಲೋಹ ಎಂದು ಹೆಸರಿಟ್ಟುಕೊಂಡು. ಇದನ್ನೆಲ್ಲ ನಿಂತಲ್ಲೇ ಹೇಳಿದೆ. ದನಿ ಏರಿತ್ತು. ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ನಿಂತರು.

"ಅಷ್ಟು ತಲೆಬಿಸಿ ಮಾಡ್ಬೇಡಿ" ಎಂದರು ಸರ್.

"ಸರಿ ಸರ್. ನಮ್ಮಲ್ಲಿ ಬಲೆ ಕೊಟ್ಟವರು ಮೊದಲು ಉಣ್ಣಬೇಕು ಅಂತ ಉಂಟು. ಮೊದಲ ಹಗ್ಗದ ಪಚ್ಚಿಲೆ ನಿಮ್ಮ ಮನೆಗೆ ಕಳಿಸ್ತೇನೆ."

ಸರ್ ಮುಖ ಕಿವುಚಿದರು. "ಛೆ ಛೆ, ನಮ್ಮ ಮನೆಯಲ್ಲಿ ಅದೆಲ್ಲ ತಿನ್ನೋದಿಲ್ಲ."

ಅವತ್ತು ಹತ್ತಿದ ಬೆಂಕಿ ಇವತ್ತಿಗೂ ಆರಿಲ್ಲ. ತಿನ್ನದಿರುವುದು ಅವರವರ ಮನೆಯ ಪದ್ಧತಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ತಿನ್ನದವರು ಕೂತು ತಿನ್ನುವವರಿಗೆ ಅಳತೆ ಹಾಕಿಕೊಡುವುದು ಎಂಥ ನ್ಯಾಯ? ಒಂದು ಚಿಟಿಕೆ ಅಂತೆ! ಯಾರ ಚಿಟಿಕೆ, ಯಾರ ಹೊಟ್ಟೆ? ಅವರ ಮಕ್ಕಳು ತಿನ್ನುವ ತಿಂಡಿಯಲ್ಲಿ ಇಂಥದ್ದೊಂದು ಚಿಟಿಕೆ ಇದ್ದಿದ್ದರೆ ರೂಲ್ಸ್ ಪುಸ್ತಕ ತೆರೆದು ತೋರಿಸಿ ಸುಮ್ಮನಿರುತ್ತಿದ್ದರೇ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯೂ ಇವರಿಗೆ ಹೊಂದುವುದಿಲ್ಲ. ಗಾದೆಯವನು ಬದನೆಕಾಯಿಯನ್ನು ತಾನಾದರೂ ತಿಂದಿದ್ದ.

ನನ್ನ ಕೈಚೀಲ ಹೆಗಲಿಗೆ ಹಾಕಿಕೊಂಡು ಬೈಂದೂರಿಗೆ ಹೊರಟೆ. ಕುಂದಾಪುರದಲ್ಲಿ ಬಸ್ಸು ಬದಲಿಸಿದೆ. ಹೆಮ್ಮಾಡಿ ದಾಟುವವರೆಗೂ ಅತ್ತಿಗೆಗೆ ಫೋನ್ ಹೋಗಲೇ ಇಲ್ಲ. ಕೊನೆಗೆ ಎತ್ತಿದಾಗ ಹಿಂದೆ ಹೆಂಗಸರ ನಗು ಕೇಳುತ್ತಿತ್ತು. "ಹ್ವಾಯ್, ಚೀಲ ಎಲ್ಲ ಬಂತ್, ಎಷ್ಟ್ ಲಾಯ್ಕ್ ಇತ್ತ್ ಗೊತ್ತಿತ್ತಾ! ನಿನ್ನೆಯೇ ಕಟ್ಟಿ ಇಳ್ಸಿ ಆಯ್ತ್" ಎಂದಳು. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಬಾಯಿ ಮುಚ್ಚಿಕೊಂಡೆ.

ಅಳಿವೆಯ ದಂಡೆಯಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಷ್ಟು ಕೇಡಾಗುತ್ತದೆ ಎಂದು ನನಗೂ ಗೊತ್ತಿಲ್ಲ, ಏನೂ ಆಗದೆಯೂ ಇರಬಹುದು, ಆದರೆ ನಾನು ಕೊಟ್ಟ ಮಾತಿನ ಚೀಲ ಇದಲ್ಲ ಎಂದೆ. ಅತ್ತಿಗೆಯ ಸಿಟ್ಟು ಮೊದಲು ತಿರುಗಿದ್ದು ನನ್ನ ಮೇಲೆಯೇ.

"ನಿನ್ ಮುಖ ಕಂಡ್ ಕಟ್ದದ್ ಮರಾಯ್ತಿ ನಾವ್! ಆ ಸಾರ್‌ನ ಕಂಡಲ್ಲ. ಮೊದ್ಲ್ ಹಗ್ಗದ್ದ್ ಯಾರಿಗ್ ಇಟ್ಟಿದ್ದೆ ಅಂದ್ಹೇಳಿ ಗೊತ್ತಿತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಅಣ್ಣನ ಮಗಳು ಬಸುರಿಯಾಗಿದ್ದಳು. ಅವಳ ಬಯಕೆ ಊಟ ಪಚ್ಚಿಲೆ ಕೊಯ್ಯುವ ಕಾಲಕ್ಕೇ ಬರುತ್ತಿತ್ತು. ಹುಡುಗಿ ಹುಳಿಯನ್ನೂ ಕೇಳಲಿಲ್ಲ, ಸಿಹಿಯನ್ನೂ ಕೇಳಲಿಲ್ಲ, ಕಾಯಿತುರಿ ಹಾಕಿ ಒಣಗೆ ಬೇಯಿಸಿದ ಪಚ್ಚಿಲೆ ಸುಕ್ಕ ಬೇಕು ಎಂದಿದ್ದಳಂತೆ. ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಅತ್ತಿಗೆ ಕೂರಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದಳು. ಒಂದೊಂದೇ ಹಗ್ಗ ಮೇಲೆ ಬಂತು. ಬೆಳ್ಳಗಿನ ಚೀಲ ಸೀಳಿ, ಮರಿಗಳನ್ನು ಒದ್ದೆ ಗೋಣಿಯ ಮೇಲೆ ಸುರಿದರು. ಮತ್ತೆ ಸುತ್ತಲು ಬಟ್ಟೆ? ಪೇಟೆಯದ್ದನ್ನು ನಂಬುವ ಹಾಗಿಲ್ಲ. ನಾನು ಮನೆಗೆ ಹೋಗಿ ಅಮ್ಮನ ಟ್ರಂಕು ತೆರೆದೆ. ಅಮ್ಮ ತೀರಿಹೋದ ಮೇಲೆ ಅವಳ ಹತ್ತಿ ಸೀರೆಗಳನ್ನು ಯಾರಿಗೂ ಕೊಡಲು ನನಗೆ ಮನಸ್ಸು ಬಂದಿರಲಿಲ್ಲ. ಒಗೆದೂ ಒಗೆದೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾದ ಸೀರೆಗಳು. ಎಲ್ಲವನ್ನೂ ಎತ್ತಿಕೊಂಡು ಬಂದೆ. ಮೊದಲ ಸೀರೆಯನ್ನು ಹರಿಯುವಾಗ ಅತ್ತಿಗೆ ನನ್ನ ಮುಖ ನೋಡಿದಳು. "ಹರಿ" ಎಂದೆ. ಕತ್ತಲಾಗುವುದರೊಳಗೆ ಅಮ್ಮನ ಸೀರೆಗಳೆಲ್ಲ ಹಗ್ಗಗಳ ಮೈ ಸುತ್ತಿಕೊಂಡು ಹೊಳೆಗಿಳಿದವು. ಬಿಳಿ ಚೀಲಗಳ ಜೊತೆಗೇ ಇಳಿಸಿದ್ದ ನನ್ನ ಹಳದಿ ಚೀಲದ ಎರಡು ಹಗ್ಗಗಳು ಮಾತ್ರ ಚಪ್ಪರದ ತುದಿಯಲ್ಲಿ ಇದ್ದಲ್ಲೇ ಉಳಿದವು.

ಮರುದಿನ ಲ್ಯಾಬಿಗೆ ಹೋಗಿ ಸರ್ ಮುಂದೆ ಕಡ್ಡಿ ಮುರಿದಂತೆ ಹೇಳಿದೆ, ಬಿಳಿ ಚೀಲಗಳನ್ನೆಲ್ಲ ತೆಗೆಸಿದ್ದೇನೆ, ವರದಿಯಲ್ಲಿ ಹಾಗೆಯೇ ಬರೆಯಿರಿ ಎಂದು. ಅವರು ಯಾರ ಜೊತೆಗೋ ಫೋನಿನಲ್ಲಿದ್ದರು, ಕೈಯೆತ್ತಿ ಆಯಿತು ಆಯಿತು ಎಂದರು. ಅದೂ ತಲೆಯಾಡಿಸಿದಂಥದೇ ಎಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಸ್ವಲ್ಪ ದಿನದಲ್ಲೇ ನಾಲ್ಕಾರು ಅತಿಥಿಗಳನ್ನು, ಒಬ್ಬ ಫೋಟೊ ತೆಗೆಯುವವನನ್ನು ಕರೆದುಕೊಂಡು ಅವರು ಅಳಿವೆಗೆ ಬಂದರು. ದೋಣಿಯಲ್ಲಿ ಚಪ್ಪರದವರೆಗೆ ಹೋಗಿ ಒಂದು ಹಗ್ಗ ಎತ್ತಿಸಿದರು. ಕೆಸರುನೀರಿನಲ್ಲಿ ಬಟ್ಟೆ ಅರ್ಧ ಕೊಳೆತು, ಚಿಂದಿಯ ನಡುವೆ ಮರಿಗಳು ಗಟ್ಟಿಯಾಗಿ ಹಗ್ಗ ಕಚ್ಚಿಕೊಂಡಿದ್ದವು.

"ನೋಡಿ, ಎಷ್ಟು ಚೆನ್ನಾಗಿ ಕರಗ್ತಾ ಇದೆ ನಮ್ಮ ಪ್ಲಾಸ್ಟಿಕ್!" ಎಂದರು ಸರ್. ಫೋಟೊ ಬಿತ್ತು.

ನಾನು ಅದೇ ದೋಣಿಯಲ್ಲಿದ್ದೆ. "ಸರ್, ಅದು ಪ್ಲಾಸ್ಟಿಕ್ ಅಲ್ಲ, ನಮ್ಮ ಅಮ್ಮನ ಸೀರೆ" ಎಂದೆ. ಗಟ್ಟಿಯಾಗಿಯೇ ಹೇಳಿದೆ. ಚಿಂದಿಯ ಅಂಚಿನಲ್ಲಿ ಕೆಂಪು ಎಳೆ ಇನ್ನೂ ಇತ್ತು, ಅದನ್ನು ಬೆರಳಿನಿಂದ ಬಿಡಿಸಿ ತೋರಿಸಿದೆ. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ ಜೋರಾಗಿ ನಕ್ಕರು.

"ಅದೂ ಕರಗ್ತದಲ್ಲ ಮೇಡಂ! ತತ್ವ ಒಂದೇ!"

ಅತಿಥಿಗಳೂ ನಕ್ಕರು. ದೋಣಿ ದಡಕ್ಕೆ ಬಂತು, ಎಳನೀರು ಕುಡಿದರು, ಹೋದರು. ಆ ಫೋಟೊ ಈಗ ಲ್ಯಾಬಿನ ಬಾಗಿಲ ಪಕ್ಕದಲ್ಲಿ ಕಟ್ಟು ಹಾಕಿಸಿಕೊಂಡು ನಿಂತಿದೆ. ಕೆಳಗೆ ವಿಷವಿಲ್ಲದ ಲೋಹದಿಂದ ಮಾಡಿದ ಪ್ಲಾಸ್ಟಿಕ್ ಎಂದು ಬರೆದಿದೆ, ಮೂಲೆಯಲ್ಲಿ ಹಸಿರು ಎಲೆ ಇದೆ. ನಾನು ಬರೆದುಕೊಟ್ಟ ತಕರಾರು ಯಾವ ಮೇಜಿನ ಮೇಲಿದೆಯೋ ಗೊತ್ತಿಲ್ಲ. ಬೆಳಿಗ್ಗೆ ಲ್ಯಾಬಿಗೆ ಕಾಲಿಡುವಾಗಲೆಲ್ಲ ಅಮ್ಮನ ಸೀರೆಯ ಅಂಚು ಕಣ್ಣಿಗೆ ಬೀಳುತ್ತದೆ. ತವರದ ಹೆಸರಿಗೆ ನನ್ನ ಅಮ್ಮ ಸಾಕ್ಷಿ ನಿಂತಿದ್ದಾಳೆ! ಇದನ್ನು ಯಾವ ಬಾಯಲ್ಲಿ ಬೈಯಬೇಕೋ ನನಗೆ ಇನ್ನೂ ತಿಳಿದಿಲ್ಲ. ಆ ಯೋಜನೆಯಿಂದ ನನ್ನ ಹೆಸರನ್ನು ತೆಗೆಸಿದೆ. ಕೆಲಸ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಣಗಾಳಿ ಬೀಸುವ ತಿಂಗಳುಗಳಲ್ಲಿ ನನ್ನ ಸತು ನನ್ನ ಮಾತು ಕೇಳುತ್ತದೆ. ಮಳೆಗಾಲಕ್ಕೂ ಬಗ್ಗುವ ಹೆಪ್ಪನ್ನು ಹುಡುಕುತ್ತಿದ್ದೇನೆ.

ಬೇಸಿಗೆಯಲ್ಲಿ ಪಚ್ಚಿಲೆ ಬಲಿಯಿತು. ಕೊಯ್ಯುವ ಮೊದಲು ನನ್ನ ಎರಡು ಹಗ್ಗದ ಪಚ್ಚಿಲೆಯನ್ನೂ, ಹೊಳೆಯ ಕಲ್ಲಿನ ಮೇಲೆ ತಾವಾಗಿ ಬೆಳೆದ ಪಚ್ಚಿಲೆಯನ್ನೂ ಪರೀಕ್ಷೆಗೆ ಕೊಟ್ಟು ನೋಡಿದೆ. ಎರಡರಲ್ಲೂ ಸತು ಹೆಚ್ಚುಕಡಿಮೆ ಒಂದೇ ಇತ್ತು. ಅಷ್ಟಾದರೂ ಬಯಕೆಯ ದಿನ ಅಮ್ಮನ ಸೀರೆಯ ಹಗ್ಗದ್ದೇ ಬೇಯಿಸು ಎಂದು ಅತ್ತಿಗೆಗೆ ಹೇಳಿದೆ. ಅವಳು ಕೇಳಲಿಲ್ಲ.

"ಸೀರಿ ಹಗ್ಗದ್ದ್ ಎಲ್ಲರಿಗೂ ಇತ್ತ್. ನೀ ಮಾತ್ ಕೊಟ್ಟದ್ದ್ ಯಾವ್ ಹಗ್ಗಕ್ಕ್? ಅದನ್ನೇ ಮಗ್ಳಿಗ್ ಬಡ್ಸುದ್" ಎಂದಳು.

ಹುಡುಗಿ ಹಸಿರು ಬಳೆ ತೊಟ್ಟು, ಮುಡಿ ತುಂಬ ಹೂ ಮುಡಿದು ಕೂತಿದ್ದಳು. ಎದುರಿಗೆ ಬಾಳೆಎಲೆ, ಎಲೆಯ ನಡುವೆ ಬಿಸಿಬಿಸಿ ಸುಕ್ಕ. ಬಾಯಲ್ಲಿ ನೀರೂರಿದರೂ ಅವಳು ಕೈ ಹಾಕಲಿಲ್ಲ, ಮನೆಯ ರೂಢಿ ಅವಳಿಗೂ ಗೊತ್ತು. ಪಕ್ಕದಲ್ಲಿ ನನಗೂ ಒಂದು ಎಲೆ ಹಾಕಿದ್ದರು. ಅತ್ತಿಗೆ ಮೊದಲು ನನಗೆ ಬಡಿಸಿದಳು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಹೆಪ್ಪಿನ ಬಗ್ಗೆ ಬರೆದಿದ್ದೇನೆ, ಭಾಷಣ ಮಾಡಿದ್ದೇನೆ, ಜಗಳ ಆಡಿದ್ದೇನೆ. ಆದರೆ ತಿಂದು ತೋರಿಸು ಎಂದು ಯಾರೂ ನನ್ನನ್ನು ಕೂರಿಸಿರಲಿಲ್ಲ. ಒಂದು ಪಚ್ಚಿಲೆಯನ್ನು ಚಿಪ್ಪಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡೆ. ಕಾಯಿ, ಖಾರ, ಹೊಳೆಯ ಉಪ್ಪು. ಅಗಿದು ನುಂಗಿದೆ. ಇನ್ನೊಂದನ್ನೂ ತಿಂದೆ.

ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಅತ್ತೆ, ತಿನ್ಲಕ್ಕಾ?"

"ಅಕ್ಕ್ ಮಗಾ," ಎಂದೆ. "ತಿನ್ನ್."